ಸರ್ಕಾರದ ಅಡಿ, ಕೊಟ್ರಮ್ಮನ ಪಾದ

ರಾಮಗಿರಿ ಸ್ಟೇಷನ್ನಿನ ತಗಡಿನ ಮಾಡಿನ ಕೆಳಗೆ ಮಧ್ಯಾಹ್ನದಿಂದ ಏಳೆಂಟು ಜನ ಸಿಕ್ಕಿಕೊಂಡಿದ್ದರು. ಮಳೆ ಬಿಡುವಂತಿರಲಿಲ್ಲ, ರೈಲು ಬರುವಂತಿರಲಿಲ್ಲ. ಕುರಿ ಕಾಯುವ ಜುಂಜಯ್ಯ ಕಂಬಳಿ ಹಾಸಲು ಜಾಗ ಎಷ್ಟಿದೆ ನೋಡೋಣವೆಂದು ನೆಲವನ್ನು ಪಾದದಲ್ಲಿ ಅಳೆಯತೊಡಗಿದ. ಬೆರಳಿಗೆ ಹಿಮ್ಮಡಿ ತಾಗಿಸಿ ಒಂದು, ಎರಡು, ಮೂರು...

"ನಿಲ್ಸಲೇ!" ಎಂದು ಮೂಲೆಯಿಂದ ಕೂಗು ಬಂತು. ತಾಳ್ಯದ ಶಿವಗಂಗಮ್ಮ, ಎಪ್ಪತ್ತು ದಾಟಿದ ಮುದುಕಿ. ಅವಳ ಮುಖ ನೋಡಿ ಎಲ್ಲರೂ ಹತ್ತಿರ ಸರಿದರು.

"ನಗಬ್ಯಾಡ್ರಿ. ಕುಂತ್ಕಳ್ರಿ, ಹೇಳ್ತೀನಿ. ಮಹಾರಾಜರ ಕಾಲದ ಮಾತಿದು, ಪ್ಲೇಗು ಬಂದು ಹೋಗಿ ಆರೇಳು ವರ್ಷ ಆಗಿತ್ತು. ನಾನಾಗ ಹತ್ತು ವರ್ಷದೋಳು, ನಮ್ಮ ಪಕ್ಕದ ಮನೆಯೋನು ಪರಮೇಶ್ವರಪ್ಪ. ಕಚೇರಿಯಾಗೆ ಅವನ ಕೆಲಸ ಏನಪ್ಪಾ ಅಂದ್ರೆ... ಅಳತೆ ಕಾಯೋದು. ಬೆಂಗಳೂರಿಂದ ಬಂದ ಒಂದು ಹಿತ್ತಾಳೆ ಅಡಿಕೋಲು ಇತ್ತು, ಮರದ ಪೆಟ್ಟಿಗೆಯಾಗೆ, ಮಖಮಲ್ಲು ಸುತ್ತಿ. ಅಂಗಡಿಯೋರ ಗಜಕಡ್ಡಿ, ಬಡಗೀರ ಕೋಲು, ಎಲ್ಲಾನೂ ಅದರ ಪಕ್ಕ ಇಟ್ಟು, ಸರಿ ಇದ್ರೆ ಮುದ್ರೆ ಒತ್ಬೇಕು. ಆ ಮನುಷ್ಯ ಅದನ್ನ ಬರಿಗೈಲಿ ಮುಟ್ತಿರಲಿಲ್ಲ ಕಣ್ರೋ, ಕೈ ಬಿಸಿಗೆ ಹಿತ್ತಾಳೆ ಹಿಗ್ತೈತೆ ಅಂತ! ಸೀಮೆಗೆಲ್ಲ ಇದೊಂದೇ ನಿಜವಾದ ಅಡಿ, ಬಾಕಿ ಎಲ್ಲ ಸುಳ್ಳು ಅಂತಿದ್ದ.

"ಅವನ ತಾಯಿ ಕೊಟ್ರಮ್ಮ ತೀರ್ಕಂಡ್ಲು. ನಮ್ಮ ಜನದಾಗೆ ಹೆಣ ಇಡೋ ಗುಣಿ ತೋಡೋದು ಹೆಂಗೆ? ಸತ್ತೋರ ಪಾದಕ್ಕೇ ಕಡ್ಡಿ ಹಿಡಿದು, ಅದರಂಗೆ ಒಂಬತ್ತು ಪಾದ ಉದ್ದ ತೋಡಿ, ಕುಂತಂಗೆ ಇಡ್ಬೇಕು. ಅವರವರ ಗುಣಿ ಅವರವರ ಪಾದಕ್ಕೇ. ಮಠದ ಅಯ್ಯನೋರು ಕಡ್ಡಿ ಹಿಡ್ಕಂಡು ಬಂದ್ರೆ ಈ ಮಾರಾಯ ಏನಂದ ಗೊತ್ತಾ? 'ನಮ್ಮವ್ವಗೆ ಸುಳ್ಳು ಅಳತೆ ಬ್ಯಾಡ, ಸರ್ಕಾರದ ಅಡೀಲೇ ತೋಡ್ಲಿ' ಅಂದ. ಪ್ರೀತಿಗೇ ಅಂದಿದ್ದು, ಪಾಪ. ಕೊಟ್ರಮ್ಮನ ಪಾದ ಒಂದು ಗೇಣೂ ಇರಲಿಲ್ಲ... ಆಕೇನ ಕುಂಡ್ರಿಸಿದ ಮೇಲೆ ಪಕ್ಕದಾಗೆ ಇನ್ನೊಬ್ರಿಗೆ ಆಗೋವಷ್ಟು ಜಾಗ ಉಳೀತು. ಗುಣಿ ತೋಡಿದ ಓಬಣ್ಣ ತೆಗೆದ ಮಣ್ಣೆಲ್ಲ ತುಂಬಿದ, ಸಾಲ್ಲಿಲ್ಲ. ಇನ್ನೊಂದು ಗಾಡಿ ತಂದು ಹಾಕಿದ. ಬೆಳಿಗ್ಗೆಗೆ ಆ ಪಕ್ಕ ಕುಸಿದಿತ್ತು.

"ಹನ್ನೊಂದನೇ ದಿನ ಸೊಸೆ ಕಮಲಮ್ಮ ನೆಲ ಸಾರಿಸಿ ಹೊರಗೋಗಿ ಬರೋದ್ರಾಗೆ, ಹಸಿ ಸಗಣಿ ಮೇಲೆ ಒಂದು ಪಾದ. ಹೊಸಿಲ ಒಳಗೆ. ಪುಟ್ಟ ಪಾದ, ಹೆಬ್ಬೆರಳು ಸೊಟ್ಟ. ಯಾರದು ಅಂತ ಕೇಳ್ಬೇಕಾ? ಮಾರನೇ ದಿನ ಎರಡು. ಬೆರಳಿಗೆ ಹಿಮ್ಮಡಿ ತಾಗಿಸಿ... ನಡೆದಂಗಲ್ಲ, ಅಳೆದಂಗೆ. ಮೂರನೇ ದಿನ ಮೂರು. ಆ ಸಾಲು ಹೊಂಟಿದ್ದು ಆರು ವರ್ಷದ ಮಗಳು ಚಂದ್ರಕ್ಕನ ಚಾಪೆ ಕಡೆಗೆ. ಅಜ್ಜಿ ಬದುಕಿರೋತನಕ ಮೊಮ್ಮಗಳು ಪಕ್ಕದಾಗಿಲ್ದೆ ನಿದ್ದೆ ಮಾಡಿದೋಳಲ್ಲ. ಈಗ ಆ ಕೂಸಿಗೆ ಜ್ವರ ಬಂತು, ಮೈಯೆಲ್ಲ ಕೆಂಡ, ಪಾದ ಮಾತ್ರ ತಣ್ಣಗೆ. ನಾನೇ ಮುಟ್ಟಿ ನೋಡೀನಿ ಕಣ್ರೋ. 'ಅಜ್ಜಿ ಎಣಿಸ್ತಾಳೆ, ಒಂಬತ್ತಾದ್ರೆ ಕರ್ಕಂಡೋಗ್ತಾಳಂತೆ' ಅಂತಿತ್ತು.

"ಎಂಟಾದ ದಿನ ಪರಮೇಶ್ವರಪ್ಪ ಹೋಗಿ ಅಯ್ಯನೋರ ಕಾಲು ಹಿಡ್ಕಂಡ. 'ಉಳಿದ ಜಾಗ ಯಾರ ಪಾದದ್ದೂ ಅಲ್ಲಪ್ಪ, ಅದಕ್ಕೇ ಆಕೆ ತನಗೆ ಬೇಕಾದೋರನ್ನ ಕರೀತಾಳೆ. ಯಾರಾದ್ರೂ ತಮ್ಮ ಪಾದದಾಗೆ ಅಳ್ದು, ನಂದು ಅನ್ಬೇಕು' ಅಂದ್ರು. ಅಂದೋರಿಗೆ ಏನಾಗ್ತೈತೆ ಅಂತ ಅವರು ಹೇಳಲಿಲ್ಲ, ಇವನೂ ಕೇಳಲಿಲ್ಲ. ನೇರ ಗುಣಿಗೆ ಹೋಗಿ, ಕುಸಿದ ಕಡೆ ಬರಿಗಾಲಾಗೆ ನಿಂತ. ಒಂದು... ಎರಡು... ಮೂರು. 'ಅವ್ವಾ, ಈ ಜಾಗ ನಂದು. ಕೂಸಿನ್ನ ಬಿಟ್ಬಿಡು.' ಹಾಡುಹಗಲು, ಊರೆಲ್ಲ ನೋಡ್ತಾ ನಿಂತಿತ್ತು.

"ಕೂಸಿನ ಪಾದ ಅವತ್ತೇ ಬೆಚ್ಚಗಾಯ್ತು. ತಿಂಗಳು ತುಂಬೋದ್ರಾಗೆ ಪರಮೇಶ್ವರಪ್ಪ ಹೋದ. ಅವನ್ನ ಅಲ್ಲೇ ಇಡ್ಬೇಕಲ್ಲ, ಓಬಣ್ಣ ಮಣ್ಣು ತೆಗೆದ... ತೆಗೆದೋನು ಚೀರ್ಕಂಡು ಮೇಲೆ ಹತ್ತಿದ. ನೆಟ್ಟಗೆ ಕುಂಡ್ರಿಸಿದ್ದ ಮುದುಕಿ ಖಾಲಿ ಜಾಗದ ಕಡೆ ತಿರುಗಿ ಕುಂತಿದ್ಲಂತೆ. ಎರಡೂ ಕೈ ಚಾಚ್ಕಂಡು. ಕೂಸು ಎತ್ಕಳಾಕೆ ಚಾಚ್ತಾರಲ್ಲ, ಹಂಗೆ."

ಜುಂಜಯ್ಯ ಕಂಬಳಿ ಬಿಗಿಯಾಗಿ ಹೊದ್ದುಕೊಂಡು ಕೇಳಿದ: "ಮಗನ್ನ ಕರ್ಕಂಡ್ಲು, ಅಲ್ಲಿಗೆ ಮುಗೀತಲ್ಲ ಅಜ್ಜಿ?"

"ಮುಗೀತು ಅಂತ ನಾನೂ ಅಂದ್ಕಂಡಿದ್ದೆ ಕಣಪ್ಪ. ಇಬ್ರನ್ನೂ ಇಟ್ಟು ತುಂಬಿದ ಮೇಲೂ ಆ ಗುಣಿ ನಾಕು ಬೆರಳು ಕುಸೀತು. ವರ್ಷಾ ವರ್ಷಾ ಮಣ್ಣು ಹಾಕ್ತಾರೆ, ವರ್ಷಾ ವರ್ಷಾ ಕುಸೀತೈತೆ. ಚಂದ್ರಕ್ಕ ಇನ್ನೂ ಬದುಕವಳೆ, ಅರವತ್ತು ದಾಟಿ ಸೊರಗಿ ಕೂಸಿನಷ್ಟಾಗ್ಯಾಳೆ. ಹೋದ ವಾರದಿಂದ ಆಕೆ ಮನೆಯಾಗೆ ಮತ್ತೆ ಪಾದ ಮೂಡ್ತಾ ಅವೆ. ಈ ಸಲ ಎರಡು ಸಾಲು... ಪುಟ್ಟ ಪಾದದ ಜತೆಗೆ ಅವರಪ್ಪಂದು. ಇವತ್ತು ಹೊತ್ತಾರೆ ನಾನೇ ಎಣಿಸಿ ಬಂದೆ. ಎಂಟು."