ಕೋಟುಗಳ ಹೆಗಲು ಇಳಿದ ವರ್ಷ

ನಮ್ಮ ವಸ್ತ್ರವಿನ್ಯಾಸ ಸಂಸ್ಥೆಯ ಮಾಲೀಕರೂ ಆದ ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳಾಗಿ ಬಂದಿರುವ ಗುಂಡಿ ತಯಾರಕರ ಸಂಘದ ಕಾರ್ಯದರ್ಶಿಗಳೇ, ಇಂದು ನಾವು ಬೀಳ್ಕೊಡುತ್ತಿರುವ, ಮೊದಲ ಸಾಲಿನಲ್ಲಿ ಕುಳಿತಿರುವ ಮೇಡಂ ಅವರೇ, ಹಾಗೂ ಒಬ್ಬರ ಕಾಲರನ್ನು ಇನ್ನೊಬ್ಬರು ಓರೆಗಣ್ಣಿನಲ್ಲಿ ಅಳೆಯುತ್ತಿರುವ ಸಭಿಕರೇ,

ನಾನು ಕಟಿಂಗ್ ಮಾಸ್ಟರ್. ನಿಮ್ಮಲ್ಲಿ ಅನೇಕರು ನನ್ನ ದನಿಯನ್ನು ಇಂದೇ ಮೊದಲ ಸಲ ಕೇಳುತ್ತಿದ್ದೀರಿ. ಇಪ್ಪತ್ತೆರಡು ವರ್ಷ ನನ್ನ ಬಾಯಲ್ಲಿ ಗುಂಡುಸೂಜಿಗಳಿದ್ದವು. ಸೂಜಿ ಕಚ್ಚಿಕೊಂಡವನು ಮಾತಾಡಿದರೆ ಒಂದೋ ಸೂಜಿ ಹೊರಗೆ ಬೀಳುತ್ತದೆ, ಇಲ್ಲವೇ ಒಳಗೆ ಹೋಗುತ್ತದೆ. ಒಮ್ಮೆ ಒಳಗೇ ಹೋಗಿತ್ತು. ಆ ವಿಷಯ ಈ ವೇದಿಕೆಗೆ ಬೇಡ.

ಮೇಡಂ ನಮ್ಮ ಟ್ರಯಲ್ ಮಾಡೆಲ್. ಹೊಲಿಗೆಯಲ್ಲಿರುವ ಪ್ರತಿ ಉಡುಪನ್ನೂ ಮೊದಲು ತೊಟ್ಟು ಕನ್ನಡಿಯ ಮುಂದೆ ನಿಲ್ಲುವವರು. ಟ್ರಯಲ್ ಕೋಣೆಯಲ್ಲಿ ಯಾರೂ ತುಟಿ ಬಿಚ್ಚಕೂಡದು ಎಂಬುದು ಮಾಲೀಕರ ತಂದೆಯವರ ಕಟ್ಟಪ್ಪಣೆ. "ಮೈಯೇ ಎಲ್ಲಾ ಹೇಳುತ್ತಪ್ಪಾ, ಬಾಯಿ ಯಾಕೆ?" ಎನ್ನುತ್ತಿದ್ದರು. ಹಾಗಾಗಿ ಮೇಡಂ ಹಿಮ್ಮಡಿ ಎತ್ತಿದರೆ ಉಡುಪು ಉದ್ದವಾಯಿತು, ಮೊಣಕೈ ಆಡಿಸಿದರೆ ತೋಳು ಬಿಗಿಯಾಯಿತು, ಛಾವಣಿ ನೋಡಿದರೆ ಕತ್ತು ಬಿಗಿಯಾಯಿತು ಎಂದು ಅರ್ಥ. ಇದನ್ನೆಲ್ಲ ಅವರು ಹೇಳಿಕೊಟ್ಟದ್ದಲ್ಲ, ನಾನೇ ಓದಿಕೊಂಡದ್ದು. ಆ ಬಗ್ಗೆ ನನಗೆ ಜಂಬವೂ ಇತ್ತು.

ಮೇಡಂ ದಿನಾ ಛಾವಣಿ ನೋಡುತ್ತಿದ್ದರು. ನಾನು ದಿನಾ ಕತ್ತು ಸಡಿಲಿಸುತ್ತಿದ್ದೆ. ಹನ್ನೊಂದನೆಯ ವರ್ಷದ ಹೊತ್ತಿಗೆ ನಮ್ಮ ಅಂಗಿಯ ಕತ್ತಿನಲ್ಲಿ ಇಬ್ಬರ ತಲೆ ತೂರುತ್ತಿತ್ತು. ಪತ್ರಿಕೆಯವರು ಅದನ್ನು 'ಬಿಡುಗಡೆಯ ಕತ್ತು' ಎಂದು ಹೊಗಳಿದರು, ಮಾಲೀಕರು ನನಗೊಂದು ಫಲಕ ಕೊಟ್ಟರು. ಹೋದ ವಾರ ಮೇಡಂ ನಿಜ ಹೇಳಿದರು. ಛಾವಣಿಯಲ್ಲಿ ಹಲ್ಲಿ ಇತ್ತಂತೆ. "ಮೈಮೇಲೆ ಬಿದ್ರೆ ಅಂತ ಜೀವ ಕೈಯಲ್ಲಿ ಹಿಡ್ಕೊಂಡು ನಿಂತಿರ್ತಿದ್ದೆ, ಮಾಸ್ಟರ್." ಒಂದು ಊರಿನ ಕತ್ತನ್ನು ಒಂದು ಹಲ್ಲಿ ತೀರ್ಮಾನಿಸಬಹುದೇ, ಸಭಿಕರೇ? ತೀರ್ಮಾನಿಸಿತು.

ನಗಿರಿ, ಅಡ್ಡಿಯಿಲ್ಲ. ಒಮ್ಮೆ ಫ್ಯಾಷನ್ ಪ್ರದರ್ಶನಕ್ಕೆ ಒಬ್ಬ ಹುಡುಗಿ ಜ್ವರವೆಂದು ಬರಲಿಲ್ಲ, ಅವಳ ಬದಲು ಮೇಡಂ ನಡೆದರು. ಸೊಂಟದ ಹತ್ತಿರ ಒಂದು ಸೂಜಿಯನ್ನು ನಾನು ಮರೆತಿದ್ದೆ. ಹಲ್ಲು ಕಚ್ಚಿ, ಬಲಗಾಲು ಎಳೆಯುತ್ತ ಅವರು ಕೊನೆಯವರೆಗೂ ನಡೆದರು. ಪತ್ರಿಕೆಯವರು ಆ ನಡಿಗೆಯನ್ನು 'ಈ ಕಾಲದ ಒಳನೋವು' ಎಂದು ಬರೆದರು. ಮುಂದಿನ ತಿಂಗಳು ಎಲ್ಲ ಸಂಸ್ಥೆಗಳ ಹುಡುಗಿಯರೂ, ಸೂಜಿಯಿಲ್ಲದೆಯೇ, ಕುಂಟತೊಡಗಿದರು.

ನನ್ನ ಅಕ್ಕ ಒಮ್ಮೆ ಕೇಳಿದಳು, "ಆ ಮೇಡಂ ಸುದ್ದಿ ಎತ್ತದೆ ನೀನು ಒಂದು ಹೊತ್ತು ಊಟ ಮುಗಿಸಲ್ಲ. ಅವರ ಹತ್ರ ಹೇಳಿದ್ದೀಯಾ?"

"ಟ್ರಯಲ್‌ನಲ್ಲಿ ಮಾತಾಡೋ ಹಾಗಿಲ್ಲ ಅಕ್ಕಾ."

"ಬಸ್‌ಸ್ಟಾಪಲ್ಲಿ?"

"ಅಲ್ಲಿ ಅವರ ಹೊಲಿಗೆ ನೋಡ್ತಿರ್ತೀನಿ."

ಅಕ್ಕ ತಲೆ ಚಚ್ಚಿಕೊಂಡಳು. ಇದನ್ನು ಹೇಳಬೇಕೆಂದು ಬಂದಿರಲಿಲ್ಲ, ಬಾಯಿಗೆ ಬಂದುಬಿಟ್ಟಿತು. ಒಂಬತ್ತನೆಯ ವರ್ಷದ ಬೂದು ಕೋಟಿನ ಮಾತು ಹೇಳಿ ಮುಗಿಸುತ್ತೇನೆ. ನಾನು ಮೊಣಕಾಲೂರಿ ಅಂಚು ಮಡಿಸುತ್ತಿದ್ದೆ. ಮೇಡಂ ನನ್ನ ಹೆಗಲ ಮೇಲೆ ಕೈ ಇಟ್ಟರು. ಅಂಚು ಮಡಿಸಿ ಮುಗಿದರೂ ತೆಗೆಯಲಿಲ್ಲ. ನಾನು ಏನೆಂದು ಓದಿಕೊಂಡೆ? ಕೋಟಿನ ಹೆಗಲು ಎತ್ತರವಾಯಿತು, ಇಳಿಸಿ, ಎಂದು. ಎರಡು ಬೆರಳು ಇಳಿಸಿದೆ. ಆ ಚಳಿಗಾಲ ಊರಿಗೆ ಊರೇ ಹೆಗಲು ಜೋಲುಬಿಟ್ಟುಕೊಂಡು ಓಡಾಡಿತು. ಮುಖ್ಯ ಅತಿಥಿಗಳೂ ಒಂದು ಕೊಂಡಿದ್ದರಂತೆ. ಅವರ ಮನೆಯಲ್ಲಿ ಯಾರೋ ತೀರಿಕೊಂಡರೆಂದು ಜನ ಸಮಾಧಾನ ಹೇಳಲು ಬಂದರಂತೆ.

ಹೋದ ವಾರ, ಹಲ್ಲಿಯ ಮಾತಿಗೆ ನಕ್ಕು ಮುಗಿದ ಮೇಲೆ, ಆ ಕೋಟಿನ ವಿಷಯವನ್ನೂ ಕೇಳಿದೆ. ಮೇಡಂ ನಗಲಿಲ್ಲ. "ಕೈ ಇಟ್ಟಿದ್ದು ನಿಮಗೆ, ಮಾಸ್ಟರ್. ಕೋಟ್‌ಗಲ್ಲ" ಅಂದರು.

ಆಗ ನನ್ನ ಬಾಯಲ್ಲಿ ಒಂದು ಸೂಜಿಯೂ ಇರಲಿಲ್ಲ. ಮೇಜಿನ ಮೇಲಿದ್ದ ಸೂಜಿಯೊಂದನ್ನು ತೆಗೆದು ಕಚ್ಚಿಕೊಂಡೆ. ಅದಕ್ಕಾಗಿ ಏಳು ದಿನದಿಂದ ನನ್ನನ್ನೇ ಬೈದುಕೊಳ್ಳುತ್ತಿದ್ದೇನೆ.

ನಾಳೆ ಬೆಳಗ್ಗೆ ಅವರು ತಂಗಿಯ ಊರಿಗೆ ಹೊರಡುತ್ತಾರೆ. ಮರಳಿ ಬರುವ ಮಾತಿಲ್ಲ. ಅವರ ಸೇವೆಯ ಬಗ್ಗೆ ಐದು ನಿಮಿಷ ಮಾತಾಡಲು ಅಧ್ಯಕ್ಷರು ಹೇಳಿದ್ದಾರೆ. ಸೇವೆ ದೊಡ್ಡದು, ಬರೆದುಕೊಂಡೂ ಬಂದಿದ್ದೇನೆ, ಓದುವುದಿಲ್ಲ. ಮೇಡಂ, ಹೋಗಬೇಡಿ. ಹೋಗಲೇಬೇಕಾದರೆ ಆ ಊರಿನಲ್ಲಿ ಕಟಿಂಗ್ ಮಾಸ್ಟರ್ ಬೇಕಾಗಿದ್ದಾರೆಯೇ ವಿಚಾರಿಸಿ. ನೀವೆಂದರೆ ನನಗೆ ಪ್ರೀತಿ. ಮೈಕಿನಲ್ಲಿ ಹೇಳಿದ್ದಕ್ಕೆ ಕ್ಷಮೆಯಿರಲಿ, ಬೇರೆಲ್ಲೂ ಧೈರ್ಯ ಬರಲಿಲ್ಲ.

ಮೇಡಂ ಈಗ ಪಕ್ಕದ ಕುರ್ಚಿಯಲ್ಲಿದ್ದ ಕೈಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಕುರ್ಚಿ ಖಾಲಿಯಾಗಿದೆ. ಇದರ ಅರ್ಥ ನಾನು ಹೇಳಲಾರೆ, ನನ್ನ ಓದು ಎಂಥದ್ದೆಂದು ನೀವೇ ಕೇಳಿದ್ದೀರಿ. ಎದ್ದು ಹೊರಡುವುದಕ್ಕೂ ಎತ್ತಿಕೊಂಡಿರಬಹುದು. ಹೋಗಿ ಅಲ್ಲಿ ಕೂತು, ಬಾಯಿಬಿಟ್ಟು ಕೇಳಿಯೇಬಿಡುತ್ತೇನೆ. ಅಧ್ಯಕ್ಷರಿಗೆ, ಅತಿಥಿಗಳಿಗೆ, ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ಧನ್ಯವಾದಗಳು. ಇಳಿಯುವ ಮೆಟ್ಟಿಲು ಯಾವ ಕಡೆ ಇದೆ, ಸ್ವಲ್ಪ ಹೇಳಿ. ನಮಸ್ಕಾರ.