ಇಪ್ಪತ್ತೆಂಟು ಕಣ್ಣುಗಳ ಪಟ್ಟಿ

ನನಗೊಂದು ಸಣ್ಣ ಹೆದರಿಕೆಯಿದೆ, ಯಾರಿಗೂ ಹೇಳಿಲ್ಲ: ಫೋನಿನಲ್ಲಿ ಆ ಕಡೆಯವರು ಸುಮ್ಮನಾದರೆ ನಾನೇ ಏನೋ ತಪ್ಪು ಮಾಡಿದೆ ಅನ್ನಿಸುತ್ತದೆ. ಅದಕ್ಕೇ ಕರೆ ಮಾಡುವ ಮೊದಲು ಹೇಳಬೇಕಾದ್ದನ್ನು ಡೈರಿಯ ಹಿಂದಿನ ಪುಟದಲ್ಲಿ ಬರೆದುಕೊಳ್ಳುತ್ತೇನೆ. ಇವತ್ತು ಬರೆದದ್ದು ಒಂದೇ ಸಾಲು: ‘ಪ್ರಮೀಳಾ, ಲ್ಯಾಪ್‌ಟಾಪ್ ತೆರೆಯಬೇಡ.’ ಶ್ರೀರಂಗಪಟ್ಟಣದ ಕಣ್ಣಾಸ್ಪತ್ರೆಯ ಈ ಕಿರುಕೋಣೆಯಲ್ಲಿ ಗಡಿಯಾರ ಹತ್ತೂಕಾಲು ತೋರಿಸುತ್ತಿದೆ. ಹನ್ನೊಂದಕ್ಕೆ ಮೊದಲ ಆಪರೇಷನ್ನು.

ಹಲೋ... ಪ್ರಮೀಳಾ? ... ಯಾರು ಮಾತಾಡ್ತಿರೋದು?

...

ಹಾಂ, ತಾತನಾ? ಚಿಕ್ಕಸ್ವಾಮಿ ತಾತ? ನಾನು ಹೇಮಶ್ರೀ, ಪಾಂಡವಪುರದೋಳು. ನಿಮ್ಮ ಮೊಮ್ಮಗಳ ಜೊತೆ ಕಣ್ಣಿನ ಕ್ಯಾಂಪಲ್ಲಿ ಕೆಲ್ಸ ಮಾಡ್ತೀನಲ್ಲ... ಹೂಂ, ‘ಬಾಯೇ ಇಲ್ದಿರೋ ಕೂಸು’ ಅಂದಿದ್ರಲ್ಲ, ಅವಳೇ. ಪ್ರಮೀಳಾ ಎಲ್ಲಿ ತಾತ?

...

ಅಜ್ಜಿ ಜೊತೆ ಆಸ್ಪತ್ರೆ ವ್ಯಾನ್ ಹತ್ತಿದ್ಲಾ? ಫೋನು ಮರ್ತು ಹೋದ್ಲಾ? ಅಯ್ಯೋ... ಲ್ಯಾಪ್‌ಟಾಪು? ಅದೂ ಗೋವಿಂದನಹಳ್ಳಿ ಮನೇಲೇ ಇದೆಯಾ? ಮುಚ್ಚಿದೆ ತಾನೇ? ಯಾರೂ ತೆಗ್ದಿಲ್ಲ ಅಲ್ವಾ? ದೇವ್ರೇ, ಸದ್ಯ.

...

ಅಳ್ತಿಲ್ಲ ತಾತ. ನೆಗಡಿ.

...

ಹೇಳ್ತೀನಿ, ಕೇಳಿ. ಆಪರೇಷನ್ನಲ್ಲಿ ಕಣ್ಣೊಳಗೆ ಒಂದು ಮಸೂರ ಕೂರಿಸ್ತಾರಲ್ಲ, ಅದಕ್ಕೆ ಒಬ್ಬೊಬ್ಬರಿಗೆ ಒಂದೊಂದು ಅಂಕಿ. ಪ್ರಮೀಳಾ ಹೋದ ವಾರ ಇಪ್ಪತ್ತೆಂಟು ಜನದ್ದು ಅಳೆದು ಪಟ್ಟಿ ಮಾಡಿದ್ಲು. ಆ ಪಟ್ಟಿ ಇರೋದು ಕ್ಲೌಡಲ್ಲಿ... ಮೋಡದ ಮೇಲಲ್ಲ ತಾತ, ಎಲ್ಲೋ ದೂರದ ಕಂಪ್ಯೂಟರಲ್ಲಿ. ನೆಟ್ಟಿಲ್ದಾಗ ನೋಡೋಕೆ ಅಂತ ನಮ್ಮ ಲ್ಯಾಪ್‌ಟಾಪಲ್ಲೂ ಒಂದೊಂದು ನಕಲು ಇರುತ್ತೆ. ನೆಟ್ಟು ಬಂತೋ, ಅಲ್ಲಿ ಹೇಗಿದೆಯೋ ಹಾಗೆ ಇಲ್ಲೂ ಬದಲಾಗುತ್ತೆ.

...

ಅಲ್ಲಿರೋದು ಕೆಟ್ಟಿದೆ. ಹೆಸ್ರನ್ನ ಅಕಾರಾದಿಯಾಗಿ ಜೋಡ್ಸೋಕೆ ಹೋಗಿ ಹೆಸ್ರು ಮಾತ್ರ ಮೇಲೆ ಕೆಳಗೆ ಆಗಿವೆ, ಅಂಕಿ ಇದ್ದಲ್ಲೇ ಕೂತಿವೆ. ಒಬ್ಬರ ಅಂಕಿ ಇನ್ನೊಬ್ಬರ ಹೆಸ್ರ ಮುಂದೆ. ಜಾಗ ತುಂಬ್ತು ಅಂತ ಹಳೇ ಪ್ರತಿಗಳ್ನೂ ನಿನ್ನೆ ಸಂಜೆ ಅಳಿಸಾಗಿದೆ. ಸರಿಯಾಗಿರೋದು ಉಳಿದಿದ್ರೆ ಅದು ನಿಮ್ಮನೇಲಿ. ಮೊನ್ನೆಯಿಂದ ಮುಚ್ಚೇ ಇದೆಯಲ್ಲ, ಅದಕ್ಕೆ.

...

ಯಾರು ಕೆಡಿಸಿದ್ದಾ? ಅದು... ಆಗೋಗಿದೆ ತಾತ. ಹೇಗೋ ಆಗೋಗಿದೆ.

...

ಮತ್ತೆ ಅಳೆಯೋಕಾಗುತ್ತೆ. ಮಿಷನ್ನು ಇಲ್ಲೇ ಇದೆ. ಆದ್ರೆ ಅದಕ್ಕೆ ಕ್ಯಾಂಪ್ ನೋಡ್ಕೊಳ್ಳೋ ನಾಗರಾಜು ಸರ್‌ಗೆ ಹೇಳ್ಬೇಕು. ಡಾಕ್ಟ್ರು ಬಂದು ಕೂತಿದ್ದಾರೆ, ಜನ ಬೆಳಿಗ್ಗೆಯಿಂದ ಉಪವಾಸ ಇದ್ದಾರೆ. ಅವರೆಲ್ಲರ ಮುಂದೆ ನಿಂತು... ನಂಗೆ ಬಾಯಿ ಬರಲ್ಲ ತಾತ.

...

ತಪ್ಪು ಮಸೂರ ಕೂತ್ರೆ? ಮಂಜು ಹಾಗೇ ಉಳಿಯುತ್ತೆ. ತೆಗ್ಯೋಕೆ ಇನ್ನೊಂದ್ಸಲ ಕೊಯ್ಯಬೇಕು.

...

ಹೂಂ. ಅಜ್ಜೀದೂ ಸೇರಿ.

...

ತಾತ? ಇದೀರಾ? ... ಬೇಡ ಬೇಡ, ಈಗ್ಲೇ ತೆಗೀಬೇಡಿ! ನೀವು ಕೈಲಿ ಹಿಡ್ದಿರೋ ಈ ಫೋನಿಂದ್ಲೇ ಅದಕ್ಕೆ ನೆಟ್ಟು ಹೋಗೋದು. ಎರಡೂ ಹತ್ರ ಇದ್ರೆ ತಾನೇ ತಾನಾಗಿ ಕೂಡ್ಕೊಳುತ್ತೆ. ಫೋನಲ್ಲಿ ಆ ನೆಟ್ಟನ್ನ ಆಫ್ ಮಾಡ್ಬಹುದು... ಲಾಕ್ ಆಗಿದೆಯಾ? ಅವಳ ಬೆರಳೇ ಬೇಕಾ? ... ಅಯ್ಯೋ, ಫೋನನ್ನೇ ಆಫ್ ಮಾಡ್ಬುಡ್ಬೇಡಿ, ಆಮೇಲೆ ನಿಮ್ಮನ್ನ ಹ್ಯಾಗೆ ಹಿಡೀಲಿ?

...

ಒಂದು ಕೆಲ್ಸ ಮಾಡಿ. ಫೋನನ್ನ ಮನೆಯಿಂದ ದೂರ ಇಡಿ. ... ಹುಲ್ಲುಮೆದೆ ಹತ್ರ? ಎಷ್ಟು ಹೆಜ್ಜೆ? ಎಂಬತ್ತಾ? ಸಾಕು. ಅಲ್ಲಿಟ್ಟು, ಕಟ್ ಮಾಡ್ದೆ, ನೀವು ಒಳಗೆ ಹೋಗಿ. ಮುಚ್ಚಳ ತೆಗ್ದು ಒಂದು ಎರಡು ಮೂರು ನಾಲ್ಕು ಒತ್ತಿ. ಪಟ್ಟಿ ತೆರ್ದೇ ಇರುತ್ತೆ, ಅವಳು ಯಾವತ್ತೂ ಮುಚ್ಚಲ್ಲ. ಬೇರೇನೂ ಮುಟ್ಟಬೇಡಿ. ನೋಡಿ, ಬರ್ಕೊಳ್ಳಿ, ಬಂದು ಹೇಳಿ.

...

ಕೈ ನಡುಗುತ್ತಾ? ಬರೆಯೋಕಾಗಲ್ವಾ? ... ಹಾಂ? ಮಾಕವಳ್ಳಿ ಸಕ್ಕರೆ ಫ್ಯಾಕ್ಟ್ರೀಲಿ ಕಬ್ಬಿನ ಗಾಡಿ ತೂಕ ಎಲ್ಲ ತಲೇಲೇ ಇಟ್ಕೊಳ್ತಿದ್ರಾ? ಸರಿ ಹಂಗಾದ್ರೆ. ಎರಡೆರಡು ತನ್ನಿ. ಹೆಸ್ರು, ಅಂಕಿ. ಹೆಸ್ರು, ಅಂಕಿ.

ಆ ಕಡೆ ಈಗ ಯಾರೂ ಇಲ್ಲ. ಕೋಳಿಯೊಂದು ಹುಲ್ಲು ಕೆದರುವ ಸದ್ದು ನನ್ನ ಕಿವಿಯೊಳಗೇ ಆಗುತ್ತಿದೆ. ಕಾರಿಡಾರಿನ ಬೆಂಚಿನ ಮೇಲೆ ಹಸಿರು ಅಂಗಿ ತೊಟ್ಟ ಮುದುಕಿಯರು, ಹಣೆಯ ಮೇಲೆ, ಆಪರೇಷನ್ ಆಗಬೇಕಾದ ಕಣ್ಣಿನ ನೇರಕ್ಕೆ, ಗುರುತಿನ ಪ್ಲಾಸ್ಟರು. ಬಾಗಿಲಲ್ಲಿ ನಾಗರಾಜು ಸರ್ ತಲೆ ಹಾಕುತ್ತಾರೆ.

ಹಾಂ ಸರ್... ಲಿಸ್ಟಾ? ಪ್ರಿಂಟ್ ತೆಗೀತಿದೀನಿ ಸರ್. ಐದೇ ನಿಮಿಷ. ... ಇಲ್ಲ ಸರ್, ಏನೂ ತೊಂದ್ರೆ ಇಲ್ಲ.

...

ಬಂದ್ರಾ ತಾತ? ಹೇಳಿ. ಚಿಕ್ಕಬೋರಮ್ಮ, ಇಪ್ಪತ್ತೊಂದೂವರೆ. ಅಜ್ಜೀದೇ ಮೊದ್ಲು ಹುಡುಕಿದ್ರಾ? ... ಅದಕ್ಯಾಕೆ ನಾಚ್ಕೋತೀರಾ? ಬರ್ಕೊಂಡೆ. ಇನ್ನೊಂದು? ಎಲ್ಲಕ್ಕಿಂತ ಮೇಲಿನ ಸಾಲು, ಮಾದಮ್ಮ, ಹತ್ತೊಂಬತ್ತು. ಸರಿಯಾಗಿ ಹತ್ತೊಂಬತ್ತಾ? ಸರಿ ಸರಿ, ತೂಕದೋರ ಹತ್ರ ಎರಡ್ಸಲ ಕೇಳಲ್ಲ. ಹೋಗ್ಬನ್ನಿ.

...

...

ಹೇಳಿ. ಸೋಮಮ್ಮ, ಇಪ್ಪತ್ಮೂರು. ಕುಳ್ಳಯ್ಯ, ಇಪ್ಪತ್ತೂವರೆ. ... ‘ಮದ್ವೆ ಗಂಡು ಓಡಾಡ್ದಂಗೆ ಓಡಾಡುಸ್ತೀಯಲ್ಲವ್ವ’ ಅಂತೀರಾ? ನಗಿಸ್ಬೇಡಿ ತಾತ, ನಕ್ರೆ ಅಳು ಬರುತ್ತೆ. ಎಷ್ಟೊಂದು ಏದುಸಿರು ನಿಮ್ಗೆ... ಕೂತ್ಕೊಂಡು ಹೋಗಿ. ... ಹೂಂ, ನಾಲ್ಕಾಯ್ತು. ಇನ್ನೂ ಇಪ್ಪತ್ನಾಲ್ಕು. ... ಹತ್ತೂಮುಕ್ಕಾಲು. ... ಇಲ್ಲ, ಓಡ್ಬೇಡಿ. ಓಡಿ ಬಿದ್ಬುಟ್ರೆ? ... ಹೋಗಿ ತಾತ. ಬೇಗ ಹೋಗಿ.

...

...

ಏನು? ಇಷ್ಟು ಬೇಗ? ... ಏನ್ ತಂದ್ರಿ?

...

‘ಎತ್ಕೊಂಡೇ ಬಂದ್ಬುಟ್ಟೆ’... ಏನನ್ನ?

...

ಲ್ಯಾಪ್‌ಟಾಪನ್ನಾ? ಫೋನ್ ಹತ್ರಕ್ಕಾ? ಹುಲ್ಲುಮೆದೆ ಹತ್ರಕ್ಕೆ ತಂದ್ರಾ? ತಾತ, ಹಿಂದಕ್ಕೆ ಹೋಗಿ! ದೂರ ಹೋಗಿ! ... ಇಲ್ಲ, ನಿಲ್ಲಿ, ಮೊದ್ಲು ನೋಡಿ. ಮೇಲಿನ ಸಾಲು ನೋಡಿ. ಮಾದಮ್ಮ ಅಂತಿದೆ ಅಲ್ವಾ?

...

ಮಾದಮ್ಮ ಅಂತಿದೆ ಅಲ್ವಾ ತಾತ?

...

ಕುಳ್ಳಮ್ಮ. ... ಮುಂದಿರೋ ಅಂಕಿ ಓದಿ. ... ಹತ್ತೊಂಬತ್ತು.

...

ಹೌದು. ಅದು ಮಾದಮ್ಮಂದೇ ಹತ್ತೊಂಬತ್ತು. ಹೆಸ್ರು ಬದಲಾಗೋಯ್ತು. ಎಲ್ಲಾ ಬದಲಾಗೋಯ್ತು.

...

ನೀವೇನೂ ಒತ್ತಿಲ್ಲ ತಾತ. ಒತ್ತೋದೇ ಬೇಡ ಅದಕ್ಕೆ. ... ಕಾಲು ಸೋತಿದ್ವು, ನಂಗೊತ್ತು. ... ಬಯ್ಕೋಬೇಡಿ ನಿಮ್ಮನ್ನ ನೀವು.

...

ಏನಂದ್ರಿ?

...

ಇಲ್ಲ. ‘ಮುದ್ಕ ಕೆಡಿಸ್ಬುಟ್ಟ ಅಂತ ನನ್ನೆಸ್ರೇ ಯೇಳ್ಬುಡವ್ವ, ನನ್ನ ಯಾರು ಕೆಲ್ಸದಿಂದ ತಗೀತಾರೆ’... ಹಾಗೆ ಹೇಳ್ಬೇಡಿ. ನಗ್ತಾ ಹೇಳ್ಬೇಡಿ. ನಾನು ಹೇಳಿಬಿಟ್ರೂ ಬಿಟ್ಟೆ ತಾತ. ನೀವು ಹಾಗೆ ಕೊಟ್ರೆ ನಾನು ತಗೊಂಡುಬಿಡ್ತೀನಿ, ಅಂಥವಳು ನಾನು.

...

ಸರ್? ... ಇಲ್ಲ, ಪ್ರಿಂಟ್ ಆಗಿಲ್ಲ ಸರ್. ... ಒಳಗೆ ಕರ್ಕೊಂಡು ಹೋದ್ರಾ? ಯಾರನ್ನ? ನಾಗಮಂಗಲದ ಕುಳ್ಳಮ್ಮನ್ನಾ? ಹತ್ತೊಂಬತ್ತು ಅಂತ ಡಾಕ್ಟ್ರು ಸ್ಕ್ರೀನಲ್ಲೇ ನೋಡ್ಕೊಂಡ್ರಾ?

...

ಫೋನಲ್ಲಿ ಗೋವಿಂದನಹಳ್ಳಿ ತಾತ ಸರ್, ಪ್ರಮೀಳಾ ತಾತ. ಲಿಸ್ಟು... ಲಿಸ್ಟಿನ ವಿಷ್ಯಾನೇ.

...

ತಾತ, ಸುಮ್ನಿರಿ, ಅವರಿಗೆ ಫೋನ್ ಕೊಡಲ್ಲ ನಾನು. ... ಕೊಡಲ್ಲ ಅಂದ್ನಲ್ಲ. ... ತಾತ? ... ಹಲೋ? ... ಹಲೋ?

ಕಟ್ಟಾಯಿತು. ಸತ್ತ ಫೋನನ್ನು ಕಿವಿಯಿಂದ ತೆಗೆಯಲಾಗುತ್ತಿಲ್ಲ. ಬಾಗಿಲಲ್ಲಿ ಸರ್ ಕೈ ಚಾಚಿ ನಿಂತಿದ್ದಾರೆ.

ಸರ್, ಕುಳ್ಳಮ್ಮನ್ನ ಹೊರಗೆ ಕರೀರಿ. ಇಪ್ಪತ್ತೆಂಟು ಜನದ್ದೂ ಮತ್ತೆ ಅಳೀಬೇಕು. ಪಟ್ಟಿ ಕೆಡಿಸಿದ್ದು ನಾನು.