ಗುಬ್ಬಿ ಸೈಕಲ್ಸ್ ನನ್ನನ್ನು ಕೆಲಸದಿಂದ ತೆಗೆದದ್ದು

ಗಂಟೆ ಬಾರಿಸುವ ಅಧಿಕಾರವನ್ನು ಕೈಯಲ್ಲೇ ಇಟ್ಟುಕೊಂಡು ಕುಳಿತಿರುವ ಅಧ್ಯಕ್ಷರಾದ ಶ್ರೀ ಮಹಾದೇವಯ್ಯನವರೇ, ಎರಡು ವರ್ಷ ನಮಗೆ ಭಾನುವಾರದ ನಿದ್ದೆ ಮರೆಸಿದ ನಮ್ಮ ಮೇಷ್ಟ್ರು ಶ್ರೀ ಚನ್ನವೀರಯ್ಯನವರೇ, ದೂರದಿಂದ ದಯಮಾಡಿಸಿರುವ ಅತಿಥಿಗಳೇ, ಹಾರ ಹಾಕಿಸಿಕೊಂಡು ಮುಂದಿನ ಸಾಲಿನಲ್ಲಿ ಕುಳಿತಿರುವ ಗೆದ್ದ ತಂಡದವರೇ, ಹಿಂದಿನ ಸಾಲು ಹಿಡಿದಿರುವ ನನ್ನ ತಂಡದವರೇ, ಮತ್ತು ತುಮಕೂರಿನ ಈ ಬಿಸಿಲಿನಲ್ಲೂ ಎದ್ದು ಹೋಗದ ಸಭಿಕರೇ,

ಗೆದ್ದವರ ಬಗ್ಗೆ ಸೋತವರಲ್ಲಿ ಒಬ್ಬರು ಎರಡು ಮಾತನಾಡಬೇಕು ಎಂಬುದು ಈ ಅಧ್ಯಯನ ಕೇಂದ್ರದ ಪದ್ಧತಿಯಂತೆ. ಒಳ್ಳೆಯ ಪದ್ಧತಿ. ಆದರೆ ಗೆದ್ದ ತಂಡದ ನಾಯಕಿ ಸೋತವನ ಹೆಂಡತಿಯೇ ಆಗಿದ್ದರೆ ಏನು ಮಾಡಬೇಕು ಎಂದು ಆ ಪದ್ಧತಿ ಮಾಡಿದವರು ಯೋಚಿಸಿದ್ದರೇ? ಅಗೋ ಅಲ್ಲಿ, ಹಸಿರು ಸೀರೆ ಉಟ್ಟು ಕುಳಿತಿರುವವರು ಶ್ರೀಮತಿ ಉಮಾಮಹೇಶ್ವರಿ. ನನ್ನ ಧರ್ಮಪತ್ನಿ. ನಾನು ಸೋಮಶೇಖರ್. ಗುಬ್ಬಿಯಲ್ಲಿ ಪಂಪ್‌ಸೆಟ್ಟು, ಪೈಪಿನ ಅಂಗಡಿ ಇಟ್ಟಿದ್ದೇನೆ.

ನಿನ್ನೆ ಇವಳು ಕೇಳಿದಳು: "ಏನ್ರೀ ಮಾತಾಡ್ತೀರಾ ನಾಳೆ?" "ಆದದ್ದನ್ನ ಆದಂಗೆ ಹೇಳ್ತೀನಿ" ಅಂದೆ. "ಹೇಳಿ, ನಂಗೇನು" ಅಂದಳು. ಇದನ್ನು ಅಪ್ಪಣೆ ಎಂದೇ ತಿಳಿದುಕೊಂಡು ಮುಂದುವರಿಯುತ್ತೇನೆ.

ಮೊದಲು ಒಂದು ಮಾತು. ನಾನು ಈ ಮ್ಯಾನೇಜ್‌ಮೆಂಟ್ ಕೋರ್ಸಿಗೆ ಸೇರಿದಾಗ ಉಮಾಳನ್ನೂ ಸೇರಿಸಿದೆ. ಎಂಥಾ ವಿಶಾಲ ಹೃದಯ ಎಂದು ನೀವು ತಲೆದೂಗಬಹುದು. ಕಾರಣ ಬೇರೆ ಇತ್ತು. ನನಗೆ ಅಂಗಡಿ ಬಿಟ್ಟು ಪ್ರತಿ ಭಾನುವಾರ ಬರಲು ಆಗುವುದಿಲ್ಲ. ಇವಳು ಬಂದರೆ ನೋಟ್ಸ್ ಬರೆದುಕೊಳ್ಳುತ್ತಾಳೆ, ನಾನು ಪರೀಕ್ಷೆಗೆ ಓದಿಕೊಳ್ಳುತ್ತೇನೆ. ಬಿ.ಕಾಂ. ಮುಗಿಸಿ ಮನೆಯಲ್ಲಿದ್ದಳು, ಅಕ್ಷರ ದುಂಡಗಿದೆ. ಇಷ್ಟೇ ನನ್ನ ಲೆಕ್ಕಾಚಾರ.

ಹೋದ ವರ್ಷ, ಎರಡು ಸಾವಿರದ ಎಂಟರಲ್ಲಿ, ಚನ್ನವೀರಯ್ಯನವರು ಈ ಸಿಮ್ಯುಲೇಷನ್ ಎಂಬುದನ್ನು ತಂದರು. ಬಂಧುಗಳಿಗೆ ಅರ್ಥವಾಗಲಿ ಎಂದು ಹೇಳುತ್ತೇನೆ. ಇದು ಇಂಟರ್‌ನೆಟ್‌ನಲ್ಲಿ ಕಂಪನಿ ನಡೆಸುವ ಆಟ. ಪ್ರತಿ ತಂಡಕ್ಕೂ ಒಂದು ಸೈಕಲ್ ಕಂಪನಿ. ಇಲ್ಲದ ಊರಿನಲ್ಲಿ ಇಲ್ಲದ ಫ್ಯಾಕ್ಟರಿ, ಇಲ್ಲದ ಸೈಕಲ್. ನಮಗೆ ಒಂದು ವಾರ ಕಳೆದರೆ ಅಲ್ಲಿ ಒಂದು ವರ್ಷ. ಎಷ್ಟು ಸೈಕಲ್ ಮಾಡಬೇಕು, ಏನು ಬೆಲೆ, ಎಷ್ಟು ಜಾಹೀರಾತು ಎಂದು ತಂಡದವರು ತಂತಮ್ಮ ಊರಿನಿಂದಲೇ ಮಾತಾಡಿಕೊಂಡು ಕಂಪ್ಯೂಟರಿಗೆ ತುಂಬಬೇಕು. ಯಾರು ಬದುಕಿದರು, ಯಾರು ಮುಳುಗಿದರು ಎಂದು ಸೋಮವಾರ ಅದು ಹೇಳುತ್ತದೆ.

ಮೇಷ್ಟ್ರು ಚೀಟಿ ಎತ್ತಿಸಿದರು. ಉಮಾ ಒಂದು ತಂಡ, ನಾನು ಇನ್ನೊಂದು ತಂಡ! ನಾನು ಎದ್ದು ನಿಂತು, "ಸಾರ್, ಗಂಡ ಹೆಂಡ್ತಿ ಒಂದೇ ಮನೇಲಿರ್ತೀವಿ, ಕಂಪ್ಯೂಟರ್ ಬೇರೆ ಒಂದೇ ಇರೋದು" ಅಂದೆ. ಮೇಷ್ಟ್ರು, "ಕಂಪ್ಯೂಟರ್ ಒಂದಾದ್ರೇನು, ತಲೆ ಎರಡಿದಾವಲ್ಲ" ಅಂದರು. ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ. ಸತ್ಯ ಹೇಳಬೇಕೆಂದರೆ, ನಕ್ಕಿದ್ದು ಇವಳ ತಂಡದ ಮೇಲಿನ ಕನಿಕರದಿಂದ.

ನನ್ನ ತಂಡದಲ್ಲಿ ಇಬ್ಬರಿದ್ದರು. ಉಪ್ಪಾರಹಳ್ಳಿಯ ಹನುಮಂತರಾಜು, ಇನ್ಶೂರೆನ್ಸ್ ಆಫೀಸಿನವರು. ಕುಣಿಗಲ್ಲಿನ ಶಾಂತಲಾ ಮೇಡಂ, ಹೈಸ್ಕೂಲ್ ಟೀಚರು. ಎಂ.ಡಿ. ಯಾರಾಗಬೇಕು ಎಂಬ ಚರ್ಚೆಯೇ ಬರಲಿಲ್ಲ. ಬರುವ ಮುಂಚೆಯೇ ನಾನು ಆಗಿದ್ದೆ. ಕಂಪನಿಗೆ ಸಿಡಿಲು ಸೈಕಲ್ಸ್ ಎಂದು ಹೆಸರಿಟ್ಟೆ. ಇವಳ ತಂಡದವರು ಗುಬ್ಬಿ ಸೈಕಲ್ಸ್ ಎಂದಿಟ್ಟರು. "ಗುಬ್ಬೀನ ಸಿಡಿಲು ಏನ್ಮಾಡತ್ತೆ ಗೊತ್ತೇನೇ?" ಎಂದು ನಾನು ರೇಗಿಸಿದರೆ ಇವಳು, "ರೊಟ್ಟಿ ಆರೋಗತ್ತೆ, ತಿನ್ನಿ" ಅಂದಳು.

ಮೊದಮೊದಲು ನಾವೇ ಮುಂದೆ. ನಾನು ಮನೆಯ ನಡುವೆ ಓಡಾಡಿಕೊಂಡು ಫೋನಿನಲ್ಲಿ ಹನುಮಂತರಾಜುಗೆ ಹೇಳುತ್ತಿದ್ದೆ: ಬೆಲೆ ಏರಿಸಿ, ಜಾಹೀರಾತು ಏರಿಸಿ, ಎರಡನೇ ಫ್ಯಾಕ್ಟರಿ ಕಟ್ಟೋಣ. ಉಮಾ ಅಡುಗೆಮನೆಯಲ್ಲೇ ಇರುತ್ತಿದ್ದಳು. ಇವಳಿಗೆ ಕೇಳಿಸಿದರೆ ಏನು ತಾನೇ ಆದೀತು? ಹೀಗೆ ಅಂದುಕೊಂಡವನು ನಾನು.

ಎರಡನೇ ಫ್ಯಾಕ್ಟರಿಯ ಮಾತು ಬಂದಾಗ ಶಾಂತಲಾ ಮೇಡಂ ಫೋನ್ ಮಾಡಿ, "ಸಾರ್, ಬ್ಯಾಡಿ ಅನ್ಸತ್ತೆ, ಯಾಕಂದ್ರೆ..." ಎಂದು ಶುರು ಮಾಡಿದರು. "ಗೊತ್ತು ಮೇಡಂ, ನೀವೇನೂ ಯೋಚ್ನೆ ಮಾಡ್ಬೇಡಿ" ಅಂದು ಫೋನಿಟ್ಟೆ. ಫ್ಯಾಕ್ಟರಿ ಕಟ್ಟಿಯೇ ಬಿಟ್ಟೆ. ನೀವು ನಂಬುತ್ತೀರೋ ಇಲ್ಲವೋ, ಇಲ್ಲದ ಫ್ಯಾಕ್ಟರಿ ಕಟ್ಟಿದ ಖುಷಿಗೆ ಅಂಗಡಿಯವರಿಗೆಲ್ಲ ಮೈಸೂರುಪಾಕು ಕೊಡಿಸಿದೆ.

ಮುಂದಿನ ಸೋಮವಾರ ಫಲಿತಾಂಶ ತೆಗೆದರೆ ಕಣ್ಣು ಕತ್ತಲಿಟ್ಟಿತು. ನಮ್ಮ ಸೈಕಲ್ಲುಗಳು ಗೋಡೌನಿನಲ್ಲಿ ಹಾಗೇ ಬಿದ್ದಿವೆ. ಒಂದನ್ನೂ ಕೇಳುವವರಿಲ್ಲ. ಅದರ ಮುಂದಿನ ವಾರ ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ಬಂತು: ಸಿಡಿಲು ಸೈಕಲ್ಸ್ ದಿವಾಳಿಯಾಗಿದೆ, ಬೇರೆ ಕಂಪನಿಗಳು ಇದನ್ನು ವಹಿಸಿಕೊಳ್ಳಬಹುದು.

ಅದು ಆಟ, ಸಭಿಕರೇ. ಗೊತ್ತು. ಆದರೂ ಅವತ್ತು ಅಂಗಡಿಯ ಬಾಗಿಲನ್ನು ಬೇಗನೇ ಎಳೆದೆ.

ಮಾರನೆಯ ಬೆಳಿಗ್ಗೆ ತಿಂಡಿಗೆ ಉಪ್ಪಿಟ್ಟು. ತಟ್ಟೆ ಹಿಡಿದುಕೊಂಡೇ ಕಂಪ್ಯೂಟರ್ ಮುಂದೆ ಕೂತು ಮೇಲ್ ತೆಗೆದೆ. ಗುಬ್ಬಿ ಸೈಕಲ್ಸ್‌ನಿಂದ ಬಂದಿತ್ತು. "ಮಾನ್ಯರೇ, ನಿಮ್ಮ ಕಂಪನಿಯನ್ನು ನಾವು ವಹಿಸಿಕೊಂಡಿದ್ದೇವೆ. ಶ್ರೀ ಹನುಮಂತರಾಜು ಹಾಗೂ ಶ್ರೀಮತಿ ಶಾಂತಲಾ ಅವರನ್ನು ಮುಂದುವರಿಸಲಾಗುವುದು. ವ್ಯವಸ್ಥಾಪಕ ನಿರ್ದೇಶಕರಾದ ಶ್ರೀ ಸೋಮಶೇಖರ್ ಅವರನ್ನು ಹುದ್ದೆಯಿಂದ ಬಿಡುಗಡೆ ಮಾಡಲಾಗಿದೆ. ಇಂತು, ಉಮಾಮಹೇಶ್ವರಿ."

ನಾನು ಓದಿದೆ. ಮತ್ತೆ ಓದಿದೆ. ನನ್ನ ಬೆನ್ನ ಹಿಂದೆ ಉಮಾಮಹೇಶ್ವರಿ ಬಂದು ಕೇಳಿದಳು: "ಇನ್ನೊಸಿ ಹಾಕ್ಲಾ?"

ಹೇಳಿ ಸಭಿಕರೇ, ಭೂಮಿ ಮೇಲೆ ಯಾವ ಗಂಡನಿಗಾದರೂ ಹೀಗಾಗಿದೆಯೇ? ಕೈಯಲ್ಲಿ ಅವಳು ಮಾಡಿದ ಉಪ್ಪಿಟ್ಟು, ಕಣ್ಣೆದುರಿಗೆ ಅವಳು ಕಳಿಸಿದ ಡಿಸ್ಮಿಸ್ ಆರ್ಡರು!

ನಾನು ಕೂಗಾಡಿದೆ. "ನಾನ್ ಫೋನಲ್ ಮಾತಾಡೋದೆಲ್ಲ ಕದ್ ಕೇಳಿ ಗೆದ್ದಿದೀಯ ನೀನು" ಅಂದೆ. ಇವಳ ಮುಖ ಬಿಳಿಚಿಕೊಂಡಿತು. "ಮೇಷ್ಟ್ರನ್ನ ಕೇಳಿ" ಎಂದು ಒಳಗೆ ಹೋದಳು.

ಕೇಳದೆ ಬಿಡುತ್ತೇನೆಯೇ? ಬೈಕ್ ಹತ್ತಿ ತುಮಕೂರಿಗೆ ಬಂದೆ. ಮೇಷ್ಟ್ರು ನನ್ನನ್ನು ಕೂರಿಸಿ ಹೇಳಿದರು: "ಸೋಮಶೇಖರ್, ಆಟ ಶುರುವಾದ ಎರಡನೇ ವಾರಾನೇ ನಿಮ್ಮನೆಯವರು ನನ್ನ ಹತ್ರ ಬಂದ್ರು. 'ಸಾರ್, ನಮ್ಮೆಜಮಾನ್ರು ಜೋರಾಗಿ ಮಾತಾಡ್ತಾರೆ, ಅವರ ಪ್ಲಾನೆಲ್ಲ ಕಿವಿಗೆ ಬೀಳತ್ತೆ, ಇದು ಮೋಸ ಆಗತ್ತೆ, ನನ್ನ ಆಟದಿಂದ ಬಿಟ್ಬಿಡಿ' ಅಂದ್ರು. ನಾನೇ ಬೇಡ ಅಂದೆ. ಅವತ್ತಿಂದ ನಿಮ್ ಫೋನ್ ಟೈಮಿಗೆ ಸರಿಯಾಗಿ ಅವ್ರು ಮನೇಲಿರಲ್ಲ, ಬಸ್ ಸ್ಟ್ಯಾಂಡ್ ಹತ್ರದ ಸೈಬರ್ ಸೆಂಟರಿಗೆ ಹೋಗ್ತಾರೆ. ನಿಮಗೆ ಗೊತ್ತಿಲ್ವಾ?"

ನನಗೆ ಗೊತ್ತಿರಲಿಲ್ಲ. ಅಡುಗೆಮನೆಯಲ್ಲಿ ಇದ್ದಾಳೆ ಎಂದು ನಾನು ನಂಬಿದ್ದ ಅಷ್ಟೂ ಸಂಜೆ ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಹೆಂಡತಿ ಮನೆಯಲ್ಲಿದ್ದಾಳೋ ಇಲ್ಲವೋ ಎಂಬುದನ್ನು ನನಗೆ ಬೇರೆ ಊರಿನ ಮೇಷ್ಟ್ರು ಹೇಳಬೇಕಾಯಿತು. ಯಾವ ಮುಖ ಹೊತ್ತು ಮನೆಗೆ ಹೋಗಲಿ? ಆದರೂ ಹೋದೆ. ತಪ್ಪಾಯಿತು ಎಂದು ಹೇಳಲು ಬಾಯಿ ಬರಲಿಲ್ಲ. ಬದಲಿಗೆ ಒಂದು ಉಪಾಯ ಹೊಳೆಯಿತು.

ಆಟದಲ್ಲಿ ಹುದ್ದೆ ಕಳೆದುಕೊಂಡವರು ಗೆದ್ದ ಕಂಪನಿಗೆ ಕೆಲಸಕ್ಕೆ ಅರ್ಜಿ ಹಾಕಬಹುದು ಎಂದು ಮೇಷ್ಟ್ರು ನಿಯಮ ಮಾಡಿದ್ದರು. ಅರ್ಜಿ ಹಾಕಿದೆ. ಮಾರಾಟ ವಿಭಾಗದಲ್ಲಿ ಯಾವುದಾದರೊಂದು ಸಣ್ಣ ಹುದ್ದೆ ಕೊಡಿ ಎಂದು ಬರೆದೆ. ಇಷ್ಟು ತಗ್ಗಿದರೆ ಇವಳು ನಕ್ಕು ಕರೆದುಕೊಳ್ಳುತ್ತಾಳೆ, ಅಲ್ಲಿಗೆ ಎಲ್ಲ ಸರಿಹೋಗುತ್ತದೆ ಎಂದು ನನ್ನ ಎಣಿಕೆ.

ಭಾನುವಾರ ಇದೇ ಕಟ್ಟಡದ ಮೇಲಿನ ಮಹಡಿಯಲ್ಲಿ, ಇಡೀ ಕ್ಲಾಸಿನ ಎದುರು ಸಂದರ್ಶನ. ಮೇಜಿನ ಆ ಕಡೆ ಇವಳು, ಈ ಕಡೆ ನಾನು. ಹುಡುಗರೆಲ್ಲ ಕಿಸಕಿಸ ನಗುತ್ತಿದ್ದಾರೆ. ನಾನೂ ನಗುನಗುತ್ತಾ, "ಕೇಳಿ ಮೇಡಂ" ಅಂದೆ. ಇವಳು ನಗಲಿಲ್ಲ.

"ಎರಡನೇ ಫ್ಯಾಕ್ಟರಿ ಬ್ಯಾಡ ಅಂತ ಶಾಂತಲಾ ಅವ್ರು ನಿಮಗೆ ಫೋನ್ ಮಾಡಿದ್ರಂತಲ್ಲ," ಅಂದಳು. "ಯಾಕೆ ಬ್ಯಾಡ ಅಂದ್ರು? ಏನ್ ಕಾರಣ ಕೊಟ್ರು?"

ಬಾಯಿ ತೆರೆದೆ. ಸಭಿಕರೇ, ನನಗೆ ಉತ್ತರ ಗೊತ್ತಿರಲಿಲ್ಲ. ಮರೆತದ್ದಲ್ಲ. ಮರೆಯಬೇಕಾದರೆ ಒಮ್ಮೆ ಕೇಳಿರಬೇಕಲ್ಲ? "ಯಾಕಂದ್ರೆ" ಎನ್ನುವ ತನಕ ಕೇಳಿ ಫೋನಿಟ್ಟವನು ನಾನು. ಶಾಂತಲಾ ಮೇಡಂ ಅಲ್ಲೇ ಮೂರನೇ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದರು. ನಗುತ್ತಿದ್ದವರೆಲ್ಲ ನಿಲ್ಲಿಸಿದರು.

"ಕ್ಷಮಿಸಿ, ನಿಮ್ಮನ್ನ ತಗೊಳಕ್ಕಾಗಲ್ಲ" ಅಂದಳು ಉಮಾ. ಹೇಳುವಾಗ ಅವಳ ಕಣ್ಣು ತುಂಬಿತ್ತು. ನನ್ನದೂ.

ಕ್ಲಾಸು ಮುಗಿದ ಮೇಲೆ ಕುಣಿಗಲ್ ಬಸ್ಸಿಗೆ ಕಾಯುತ್ತಿದ್ದ ಶಾಂತಲಾ ಮೇಡಂ ಹತ್ತಿರ ಹೋಗಿ, "ಅವತ್ತೇನು ಹೇಳ್ಬೇಕು ಅಂತಿದ್ರಿ ಮೇಡಂ?" ಎಂದು ಕೇಳಿದೆ. "ಏನಿಲ್ಲ ಸಾರ್, ಆಟದ ಸುದ್ದಿಪುಟದಲ್ಲಿ ಬಂದಿತ್ತು, ಮುಂದಿನ ವರ್ಷ ಸರ್ಕಾರದವರು ಸ್ಕೂಲ್ ಮಕ್ಕಳಿಗೆಲ್ಲ ಸೈಕಲ್ ಬಿಟ್ಟಿ ಕೊಡ್ತಾರೆ ಅಂತ. ನಮ್ ಸ್ಕೂಲಲ್ಲೂ ಕೊಟ್ರಲ್ಲ, ಆಮೇಲೆ ಅಂಗಡೀಲಿ ಯಾರ್ ತಗೋತಾರೆ? ಫ್ಯಾಕ್ಟರಿ ಕಟ್ಟೋ ಬದ್ಲು ಸರ್ಕಾರಕ್ಕೇ ಟೆಂಡರ್ ಹಾಕಿ ಅನ್ನಾಣ ಅಂತಿದ್ದೆ" ಅಂದರು. ಗುಬ್ಬಿ ಸೈಕಲ್ಸ್ ಮಾಡಿದ್ದೂ ಅದನ್ನೇ. ಒಂದೇ ಒಂದು ವಾಕ್ಯ. ಅಷ್ಟು ಹೊತ್ತು ಫೋನ್ ಹಿಡಿದುಕೊಂಡಿದ್ದರೆ ಸಾಕಿತ್ತು.

ಅಧ್ಯಕ್ಷರು ಗಂಟೆ ಮುಟ್ಟಿ ನೋಡಿಕೊಳ್ಳುತ್ತಿದ್ದಾರೆ. ಐದು ನಿಮಿಷ ಎಂದಿದ್ದರು, ಗೊತ್ತು. ಆದರೆ ಈಗ ಹೇಳದಿದ್ದರೆ ಮತ್ತೆಂದೂ ಹೇಳಲಾರೆ. ಇದು ಸಿಮ್ಯುಲೇಷನ್ ವಿಷಯವಲ್ಲ. ಅಥವಾ ಅದೇ ವಿಷಯವೋ ಏನೋ.

ನನಗೊಬ್ಬ ತಮ್ಮನಿದ್ದಾನೆ. ರೇವಣಸಿದ್ದಯ್ಯ. ನಿಟ್ಟೂರಿನಲ್ಲಿ ಬೈಕ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಮೊದಲು ನನ್ನ ಜೊತೆಗೇ ಇದ್ದ. ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ, ನಾನು ಗಿರಾಕಿಗೆ ಮೋಟಾರ್ ಓಡಿಸಿ ತೋರಿಸುತ್ತಿದ್ದಾಗ, ಪಕ್ಕಕ್ಕೆ ಬಂದು ಅಂಗಡಿಯಲ್ಲಿ ಭಾಗ ಕೇಳಿದ. ಅಪ್ಪ ಸತ್ತ ಮೇಲೆ ಸಾಕಿದ ಅಣ್ಣನನ್ನು ಗಿರಾಕಿಯ ಎದುರೇ ಭಾಗ ಕೇಳುವುದೇ? ನನ್ನ ಮೈ ಉರಿದುಹೋಯಿತು. ಬಾಯಿಗೆ ಬಂದಂತೆ ಅಂದೆ. ಮಾರನೆಯ ದಿನವೇ ಹಿರಿಯರನ್ನು ಕರೆಸಿ ಬೇರೆ ಮಾಡಿಬಿಟ್ಟೆ. ಅವ್ವ ನನ್ನ ಮನೆಯಲ್ಲೇ ಉಳಿದಳು. ಅಲ್ಲಿಂದಾಚೆಗೆ ನಮ್ಮಿಬ್ಬರಿಗೆ ಮಾತಿಲ್ಲ.

ಅವತ್ತು ಶಾಂತಲಾ ಮೇಡಂ ಹತ್ತಿದ ಕುಣಿಗಲ್ ಬಸ್ಸು ಹೊರಟಿತು. ಉಮಾ ಆಗಲೇ ಗುಬ್ಬಿ ಬಸ್ಸು ಹತ್ತಿದ್ದಳು, ನಾನು ಮನೆಗೆ ಹೋಗಲಿಲ್ಲ. ಬೈಕು ಗುಬ್ಬಿ ದಾಟಿ ನೇರ ನಿಟ್ಟೂರಿಗೆ ಹೋಯಿತು. ರೇವಣ ಯಾವುದೋ ಮೊಪೆಡ್ ಬಿಚ್ಚಿಕೊಂಡು ಕೂತಿದ್ದ. ನನ್ನನ್ನು ಕಂಡು ಎದ್ದು, ಎಣ್ಣೆ ಕೈ ಒರೆಸಿಕೊಂಡು, "ಅವ್ವ ಚೆನ್ನಾಗವ್ಳಾ?" ಅಂದ. ಕೆಟ್ಟ ಸುದ್ದಿ ತಂದಿದ್ದೇನೆ ಎಂದು ಹೆದರಿದ್ದ. "ಚೆನ್ನಾಗವ್ಳೆ ಕಣೋ" ಅಂದೆ. "ರೇವಣ, ಅವತ್ತು ಮೋಟ್ರು ಓಡ್ತಿದ್ದಾಗ ನೀನು ಏನ್ಲಾ ಕೇಳ್ದೆ ನನ್ನ? ಈಗ ಇನ್ನೊಂದ್ಸಲ ಹೇಳು. ಪೂರ್ತಿ ಹೇಳು. ನಾನು ನಡುವೆ ಬಾಯಾಕಲ್ಲ."

ಅವನು ಪಕ್ಕದಲ್ಲಿ ಕಾಯುತ್ತಿದ್ದ ಮೊಪೆಡ್ಡಿನವನ ಕಡೆ ಒಮ್ಮೆ ನೋಡಿದ. ಆಮೇಲೆ ಹೇಳಿದ: "ಅಂಗಡಿ ಭಾರ ನಂಗೂ ಒಸಿ ಕೊಡಣ್ಣ, ನಾನೂ ಹೊರ್ತೀನಿ, ನೀನೊಬ್ನೇ ಎಷ್ಟಂತ ಒದ್ದಾಡ್ತೀಯಾ, ಅಂತ."

ಭಾರ. ಭಾಗವಲ್ಲ, ಸಭಿಕರೇ. ಭಾರ.

"ಆಮೇಲಾದ್ರೂ ಹೇಳ್ಬೇಕಾಗಿತ್ತಲ್ಲೋ!" ಎಂದು ಅವನ ತೋಳು ಹಿಡಿದು ಅಲ್ಲಾಡಿಸಿದೆ. "ಎಲ್ ಬುಟ್ಟೆ ನೀನು? ನಾನು ಹೇಳಕ್ ಬಂದಾಗೆಲ್ಲ ಗೊತ್ತು ಹೋಗಲೇ ಅಂದೆ. ನಂಗೂ ರೋಸೋಯ್ತು. ಬೇರೆ ಹೋಗು ಅಂದೆ, ಬಂದೆ" ಅಂದ. ಹೇಳಿ ಮುಖ ತಿರುಗಿಸಿಕೊಂಡ. ಆ ಮೊಪೆಡ್ಡಿನವನು ಅಲ್ಲಿಲ್ಲದಿದ್ದರೆ ನಾವಿಬ್ಬರೂ ಜೋರಾಗಿಯೇ ಅಳುತ್ತಿದ್ದೆವೋ ಏನೋ.

ಮನೆಗೆ ಬಂದವನೇ ಉಮಾಳಿಗೆ ಹೇಳಿದೆ. "ಉಮಾ, ಅವ್ನು ಭಾಗ ಕೇಳಿರ್ಲಿಲ್ವಂತೆ ಕಣೇ!" ಅವಳು ಬೆಚ್ಚಿಬೀಳುತ್ತಾಳೆ ಎಂದುಕೊಂಡಿದ್ದೆ. ಅವಳು ಸೊಪ್ಪು ಬಿಡಿಸುತ್ತಿದ್ದ ಕೈ ನಿಲ್ಲಿಸಿ ನನ್ನನ್ನೇ ನೋಡಿದಳು.

"ಅವತ್ತು ನಿಮಗೆ ಊಟ ತಂದಿದ್ನಲ್ಲ, ಅಲ್ಲೇ ಇದ್ದೆ ನಾನು," ಅಂದಳು. "ಸಂಜೆ ಬಡಿಸ್ತಾ ಹೇಳ್ದೆ. ಅವ್ನು ಕೇಳಿದ್ದು ಭಾಗ ಅಲ್ಲ ರೀ, ಭಾರ ಅಂದೆ. ನೀವು, ಸಾರಿಗೆ ಉಪ್ಪು ಕಮ್ಮಿ ಅಂದ್ರಿ."

ಆ ಸಾರು ನನಗೆ ನೆನಪಿದೆ. ಉಪ್ಪು ಕಡಿಮೆ ಇದ್ದದ್ದೂ ನೆನಪಿದೆ. ಇವಳ ಮಾತು ಮಾತ್ರ ಎಷ್ಟು ಕೆದಕಿದರೂ ಸಿಗುತ್ತಿಲ್ಲ. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಇಂಥವು ಇನ್ನೆಷ್ಟು ಹೋಗಿವೆಯೋ ಎಂದು ನೆನೆಸಿಕೊಂಡರೆ ಈಗಲೂ, ಈ ಮೈಕಿನ ಮುಂದೆ ನಿಂತಿರುವಾಗಲೂ, ನನಗೆ ಹೆದರಿಕೆಯಾಗುತ್ತದೆ.

ರೇವಣ ಅಂಗಡಿಗೆ ವಾಪಸು ಬರಲಿಲ್ಲ. "ಈಗ ನಂದೇ ಅಂತ ಒಂದಂಗಡಿ ಆಗೈತಲ್ಲಣ್ಣ" ಅಂದ. ಕೇಳಿಸಿಕೊಂಡೆ. ಹಬ್ಬಕ್ಕೆ ಮಾತ್ರ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದಿದ್ದ. ಅವ್ವ ಅವತ್ತು ಊಟಕ್ಕೆ ಕೂರಲೇ ಇಲ್ಲ, ಬಡಿಸುತ್ತಲೇ ಇದ್ದಳು.

ಗಂಟೆ ಆಯಿತು. ಗುಬ್ಬಿ ಸೈಕಲ್ಸ್ ತಂಡಕ್ಕೆ ನನ್ನ ಹೃತ್ಪೂರ್ವಕ ಅಭಿನಂದನೆಗಳು. ತಾಳ್ಮೆಯಿಂದ ಕಿವಿಗೊಟ್ಟ ನಿಮಗೆಲ್ಲ, ಕಿವಿಗೊಡದವನ ಕೃತಜ್ಞತೆಗಳು. ಇನ್ನು ಮಾತನಾಡಬೇಕಾದವರು ಶ್ರೀಮತಿ ಉಮಾಮಹೇಶ್ವರಿ. ಏನು ಹೇಳುತ್ತಾರೋ ನನಗೆ ಗೊತ್ತಿಲ್ಲ. ಈ ಸಲ ನಿಜವಾಗಿಯೂ ಗೊತ್ತಿಲ್ಲ. ಅವರು ಮುಗಿಸುವ ತನಕ ನಾನು ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿರುತ್ತೇನೆ. ಯಾರಾದರೂ ಸ್ವಲ್ಪ ಜರುಗಿ ಜಾಗ ಕೊಡಿ. ನಮಸ್ಕಾರ.